ಕಾರಿನ ಪ್ಲಾಸ್ಟಿಕ್ ಭಾಗಕ್ಕೆ ಮನೆಯಲ್ಲೇ ಸ್ಪ್ರೇ ಪೇಂಟ್: ಬಣ್ಣ ಹಿಡಿಯಬೇಕಾದರೆ ಏನೇನು ಮಾಡಬೇಕು

ಬೆಂಗಳೂರಿನಲ್ಲಿ ಕಾರು ಇಟ್ಟುಕೊಂಡವರಿಗೆ ಗೊತ್ತು, ಮೊದಲು ಪೆಟ್ಟು ತಿನ್ನುವುದು ತಗಡಲ್ಲ, ಪ್ಲಾಸ್ಟಿಕ್. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಕಂಬಕ್ಕೆ ಬಂಪರ್ ಮೂಲೆ ಉಜ್ಜುತ್ತದೆ. ಸಿಗ್ನಲ್‌ನಲ್ಲಿ ಸಂದಿ ಸಿಕ್ಕಿತು ಅಂತ ನುಗ್ಗುವ ಬೈಕಿನ ಹ್ಯಾಂಡಲ್ ಸೈಡ್ ಮಿರರ್ ಸವರಿಕೊಂಡು ಹೋಗುತ್ತದೆ. ಬೈಯುವಷ್ಟರಲ್ಲಿ ಅವನು ನಾಲ್ಕು ಗಾಡಿ ಮುಂದೆ.

ಇಂಥ ಸಣ್ಣ ಗೀರಿಗೆ ಇನ್ಶೂರೆನ್ಸ್ ಕ್ಲೇಮ್ ಮಾಡುವುದು ಎಷ್ಟೋ ಸಲ ನಷ್ಟದ ಬಾಬ್ತು. ಝೀರೋ ಡೆಪ್ (ಸವಕಳಿ ಕಳೆಯದೆ ಹಣ ಕೊಡುವ ಸೌಲಭ್ಯ) ಇಲ್ಲದ ಪಾಲಿಸಿಯಾದರೆ ಪ್ಲಾಸ್ಟಿಕ್ ಭಾಗಕ್ಕೆ 50% ಸವಕಳಿ ಕಳೆಯುತ್ತಾರೆ. ಮೇಲಿಂದ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಅದು ಮೊದಲ ವರ್ಷ 20% ಇದ್ದು, ಕ್ಲೇಮ್ ಇಲ್ಲದೆ ಐದು ವರ್ಷ ಕಳೆದರೆ 50% ಮುಟ್ಟುವ ರಿಯಾಯಿತಿ. ಒಂದು ಮಿರರ್ ಕವರ್‌ಗೋಸ್ಕರ ಅದನ್ನು ಬಿಡಬೇಕಾ? ಎರಡು ದಿನ ಬಿಡುವು ಮಾಡಿಕೊಂಡರೆ ಈ ಕೆಲಸ ಮನೆಯಲ್ಲೇ ಆಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡಬ್ಬಿ ಹಿಡಿದು ಬಣ್ಣ ಹೊಡೆಯುವುದು ಇದರಲ್ಲಿ ತೀರಾ ಸಣ್ಣ ಪಾಲು. ಪ್ಲಾಸ್ಟಿಕ್ ತಾನಾಗಿ ಬಣ್ಣ ಹಿಡಿಯುವುದಿಲ್ಲ. ಹಿಡಿಯುವ ಹಾಗೆ ಮಾಡುವುದೇ ಕೆಲಸ. ಕೆಳಗಿನ ಪ್ರತಿ ಹಂತವೂ ಅದಕ್ಕಾಗಿಯೇ ಇರುವುದು.

ಯಾವುದಕ್ಕೆ ಕೈ ಹಾಕಬಹುದು, ಯಾವುದಕ್ಕೆ ಬೇಡ

ಮೊದಲ ಸಲವಾದರೆ ಮಿರರ್ ಕವರ್ ಅಥವಾ ವೀಲ್ ಕವರ್ ತಗೊಳ್ಳಿ. ಬಿಚ್ಚಿ ಕೈಯಲ್ಲಿ ಹಿಡಿಯಬಹುದು, ಕೆಟ್ಟರೂ ಜಾಸ್ತಿ ಹೋಗುವುದಿಲ್ಲ. ಗ್ರಿಲ್, ಮಾಸಿದ ಕಪ್ಪು ಅಂಚುಪಟ್ಟಿ, ಬಂಪರ್‌ನ ಕೆಳಮೂಲೆ ಇವೂ ಆಗುತ್ತವೆ. ಇಡೀ ಬಂಪರ್ ಮಾತ್ರ ಬೇಡ. ಅಷ್ಟಗಲದ ಜಾಗಕ್ಕೆ ಡಬ್ಬಿಯಿಂದ ಒಂದೇ ಸಮ ಬಣ್ಣ ಬೀಳಿಸುವುದು ಕಷ್ಟ. ಸ್ಪ್ರೇ ಗನ್ ಇರುವ ಪೇಂಟರ್‌ಗೆ ಬಿಡಿ.

ಬಣ್ಣದ ಜಾತಿಯನ್ನೂ ನೋಡಬೇಕು. ಸಾದಾ ಬಿಳಿ, ಸಾದಾ ಕೆಂಪು, ಕಪ್ಪು ಸುಲಭ. ಸಿಲ್ವರ್‌ನಂಥ ಮೆಟಾಲಿಕ್ ಕಷ್ಟ. ಪರ್ಲ್ ವೈಟ್ ಹಲವು ಕಾರುಗಳಲ್ಲಿ ಮೂರು ಪದರದ್ದು: ಕೆಳಗೆ ಬಿಳಿ, ನಡುವೆ ಪರ್ಲ್, ಮೇಲೆ ಕ್ಲಿಯರ್ ಎಂಬ ಬಣ್ಣವಿಲ್ಲದ ಹೊಳಪಿನ ಪದರ. ನಡುವಿನ ಪರ್ಲ್ ಒಂದು ಕೋಟ್ ಹೆಚ್ಚು ಕಡಿಮೆಯಾದರೂ ಶೇಡ್ ಬದಲಾಗುತ್ತದೆ. ಅದನ್ನು ಮನೆಯಲ್ಲಿ ಹೊಂದಿಸುವ ಆಸೆ ಬಿಟ್ಟುಬಿಡಿ.

ಮುಟ್ಟಲೇಬಾರದ ಜಾಗಗಳೂ ಇವೆ. ಸ್ಟೀರಿಂಗ್ ಮೇಲಿನ, ಡ್ಯಾಶ್‌ಬೋರ್ಡ್ ಮೇಲಿನ ಏರ್‌ಬ್ಯಾಗ್ ಮುಚ್ಚಳಕ್ಕೆ ಬಣ್ಣ ಹೊಡೆಯಬೇಡಿ. ಮುಂದಿನ ವಾಹನ ಕಂಡು ತಾನೇ ಬ್ರೇಕ್ ಹಾಕುವ ಸೌಲಭ್ಯವಿರುವ ಹೊಸ ಕಾರುಗಳಲ್ಲಿ ಗ್ರಿಲ್ ಅಥವಾ ಬಂಪರ್ ಹಿಂದೆ ರಾಡಾರ್ ಇರುತ್ತದೆ. ಅದರ ಮುಂದೆ ದಪ್ಪ ಬಣ್ಣ ಕೂತರೆ, ಅದರಲ್ಲೂ ಲೋಹದ ಕಣವಿರುವ ಮೆಟಾಲಿಕ್ ಕೂತರೆ, ಅಲೆ ಸರಿಯಾಗಿ ದಾಟುವುದಿಲ್ಲ. ಪಾರ್ಕಿಂಗ್ ಸೆನ್ಸರ್‌ಗಳ ಮುಖಕ್ಕೂ ಟೇಪ್ ಹಚ್ಚಿ.

ಯಾವ ಪ್ಲಾಸ್ಟಿಕ್?

ಇದನ್ನು ಬಹಳ ಜನ ನೋಡುವುದೇ ಇಲ್ಲ. ಬಣ್ಣ ಹಾಳೆಯ ಹಾಗೆ ಎದ್ದು ಬರುವುದು ಇದರಿಂದಲೇ.

ಭಾಗ ಬಿಚ್ಚಿ ಒಳಮೈ ತಿರುಗಿಸಿ. ಎರಡು ಬಾಣದ ಗುರುತಿನ ನಡುವೆ ಅಕ್ಷರಗಳು ಅಚ್ಚಾಗಿರುತ್ತವೆ. ಪಿಪಿ ಅಂದರೆ ಪಾಲಿಪ್ರೊಪಿಲೀನ್. ಬಂಪರ್‌ಗಳಲ್ಲಿ ಇದರ ಜೊತೆ ಇಪಿಡಿಎಂ ಎಂಬ ರಬ್ಬರಿನ ಹೆಸರೂ, ಟಿ20 ಎಂಬ ಗುರುತೂ ಇರಬಹುದು. ಟಿ20 ಅಂದರೆ ನೂರಕ್ಕೆ 20 ಪಾಲು ಟಾಲ್ಕ್ ಪುಡಿ ಬೆರೆಸಿದ್ದಾರೆ ಅಂತ. ಮಿರರ್ ಕವರ್, ಗ್ರಿಲ್ ಸಾಮಾನ್ಯವಾಗಿ ಎಬಿಎಸ್ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್.

ಎರಡರ ಸ್ವಭಾವ ತದ್ವಿರುದ್ಧ. ಪಿಪಿ ಮೇಲೆ ಬಣ್ಣದ ಗತಿ ಎಣ್ಣೆ ಸವರಿದ ಕಾವಲಿ ಮೇಲಿನ ನೀರಿನದ್ದು. ಮೇಲೆ ಕೂರುತ್ತದೆ, ಅಂಟುವುದಿಲ್ಲ. ಅದಕ್ಕೆ ಬಣ್ಣ ಅಂಟಿಕೊಳ್ಳುವಂತೆ ಮಾಡುವ ಅಡ್ಹೀಶನ್ ಪ್ರಮೋಟರ್ ಎಂಬ ಪಾರದರ್ಶಕ ದ್ರವವೋ, ಪಿಪಿಗೂ ಆಗುತ್ತದೆ ಎಂದು ಡಬ್ಬಿ ಮೇಲೆ ಬರೆದಿರುವ ಪ್ಲಾಸ್ಟಿಕ್ ಪ್ರೈಮರೋ (ಬಣ್ಣಕ್ಕೂ ಮೊದಲು ಹೊಡೆಯುವ ತಳದ ಕೋಟ್) ಬೇಕೇ ಬೇಕು. ಎಬಿಎಸ್ ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಖಾರದ ಥಿನ್ನರ್ ತಡೆಯುವುದಿಲ್ಲ. ಲ್ಯಾಕರ್ ಬಣ್ಣಕ್ಕೆ ಬೆರೆಸುವ ಎನ್‌ಸಿ ಥಿನ್ನರ್ ಸುರಿದು ಒರೆಸಿದರೆ ಮೇಲ್ಮೈ ಕರಗಿ ಅಂಟಂಟಾಗುತ್ತದೆ, ಸಣ್ಣ ಸೀಳುಗಳೂ ಏಳುತ್ತವೆ.

ಗುರುತು ಸಿಗದಿದ್ದರೆ ಮುರಿದ ಚೂರೊಂದನ್ನು ನೀರಿಗೆ ಹಾಕಿ. ಬರಿ ಪಿಪಿ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ಟಾಲ್ಕ್ ಬೆರೆತ ಪಿಪಿಯೂ ಮುಳುಗಬಹುದು, ಹಾಗಾಗಿ ಮುಳುಗಿತು ಅಂದ ಮಾತ್ರಕ್ಕೆ ಎಬಿಎಸ್ ಅಂತ ನಂಬಬೇಡಿ. ಅನುಮಾನವಿದ್ದರೆ ಪಿಪಿ ಅಂತಲೇ ತಿಳಿದು ಪ್ರಮೋಟರ್ ಹೊಡೆಯಿರಿ.

ಸಾಮಾನು

ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಒಂದು ಸುತ್ತು ಹೋದರೆ ಎಲ್ಲವೂ ಸಿಗುತ್ತದೆ. ಭಾನುವಾರ ಬಹಳ ಅಂಗಡಿ ಮುಚ್ಚಿರುತ್ತವೆ, ಬೇರೆ ದಿನ ಹೋಗಿ. ಬೇಕಾದದ್ದು ಇಷ್ಟು: 400, 600, 800, 1000, 2000 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ, ನಂಬರ್ ಹೆಚ್ಚಿದಷ್ಟೂ ನಯ), ಬೂದು ಬಣ್ಣದ ಸ್ಕಫ್ ಪ್ಯಾಡ್ (ಹೊಳಪು ಉಜ್ಜಿ ತೆಗೆಯುವ ನಾರಿನ ಪ್ಯಾಡ್), ಅಡ್ಹೀಶನ್ ಪ್ರಮೋಟರ್, ಪ್ರೈಮರ್, ಬಣ್ಣ, ಕ್ಲಿಯರ್, ಮಾಸ್ಕಿಂಗ್ ಟೇಪ್, ಐಸೋಪ್ರೊಪೈಲ್ ಆಲ್ಕೋಹಾಲ್, ನೂಲು ಬಿಡದ ಬಟ್ಟೆ. ಆಳವಾದ ಗೀರಿದ್ದರೆ ಬಂಪರ್‌ಗೆಂದೇ ಬರುವ ಬಾಗುವ ಪುಟ್ಟಿ. ತಗಡಿಗೆ ಹಾಕುವ ಪುಟ್ಟಿ ಬೇಡ. ಬಂಪರ್ ಸ್ವಲ್ಪ ಒತ್ತಿದರೂ ಅದು ಬಿರುಕು ಬಿಡುತ್ತದೆ.

ಬಣ್ಣವನ್ನು ಕಣ್ಣಂದಾಜಿನಲ್ಲಿ ಕೊಳ್ಳಬೇಡಿ. ಕಂಪನಿಗೆ ತಕ್ಕಂತೆ ಬಾನೆಟ್ ಒಳಗೋ ಬಾಗಿಲ ಕಂಬದ ಮೇಲೋ ಇರುವ ಫಲಕದಲ್ಲಿ ಪೇಂಟ್ ಕೋಡ್ ಇರುತ್ತದೆ. ಮಾರುತಿಯ ಸಿಲ್ಕಿ ಸಿಲ್ವರ್ ಆದರೆ ಝಡ್2ಎಸ್, ಸುಪೀರಿಯರ್ ವೈಟ್ ಆದರೆ 26ಯು. ಕೋಡ್ ಹೇಳಿ ಡಬ್ಬಿ ತಗೊಳ್ಳಿ. ಆಮೇಲೂ ಹತ್ತು ವರ್ಷ ಬಿಸಿಲು ಕಂಡ ಗಾಡಿಗೆ ನೂರಕ್ಕೆ ನೂರು ಹೊಂದದಿರಬಹುದು. ಹೊಸ ಕಾರಿನಲ್ಲೇ ಬಂಪರ್ ಮತ್ತು ಬಾನೆಟ್ ಒಂದು ಎಳೆ ಬೇರೆ ಕಾಣುತ್ತವೆ, ಶೋರೂಮಿನಲ್ಲಿ ನಿಂತು ಒಮ್ಮೆ ನೋಡಿ.

ಅಂಗಡಿಯಲ್ಲಿ ಎರಡು ಬಗೆಯ ಕ್ಲಿಯರ್ ತೋರಿಸಬಹುದು. ಒಂದು ಸಾದಾ, ಅದು ಒನ್ ಕೆ. ಇನ್ನೊಂದು ಟೂ ಕೆ, ಡಬ್ಬಿಯ ತಳ ಒತ್ತಿದರೆ ಒಳಗಿನ ಹಾರ್ಡನರ್ ಬೆರೆಯುವಂಥದ್ದು. ಟೂ ಕೆ ಗಟ್ಟಿ, ಪೆಟ್ರೋಲ್ ಚೆಲ್ಲಿದರೂ ತಡೆಯುತ್ತದೆ. ಆದರೆ ಅದರಲ್ಲಿ ಐಸೋಸಯನೇಟ್ ಇದೆ. ಉಸಿರಿಗೆ ಹೋದರೆ ಆಸ್ತಮಾ ತರಬಲ್ಲ ವಸ್ತು ಅದು. ಮನೆ, ಮಕ್ಕಳು, ಪಕ್ಕದ ಬಾಲ್ಕನಿ ಇರುವ ಕಡೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮಿರರ್ ಕವರ್‌ಗೆ ಒನ್ ಕೆ ಸಾಕು.

ಒನ್ ಕೆ ಆದರೂ ಮಾಸ್ಕ್ ಬೇಕು. ಕೋವಿಡ್ ಕಾಲದಲ್ಲಿ ಕೊಂಡ ಎನ್95 ಬಣ್ಣದ ಹನಿ ತಡೆಯಬಹುದು, ಥಿನ್ನರ್ ಆವಿ ತಡೆಯುವುದಿಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಕೇಳಿ. ಕನ್ನಡಕ, ನೈಟ್ರೈಲ್ ಗ್ಲೌಸ್ ಕೂಡ ಇರಲಿ.

ಯಾವಾಗ, ಎಲ್ಲಿ

ಈ ಊರಿನಲ್ಲಿ ಫೆಬ್ರವರಿ, ಮಾರ್ಚ್ ಚಿನ್ನದಂಥ ತಿಂಗಳು. ಗಾಳಿಯಲ್ಲಿ ತೇವ ಕಡಿಮೆ, ಬಿಸಿ ಹಿತ. ಏಪ್ರಿಲ್, ಮೇನಲ್ಲಿ ಬೆಳಗ್ಗೆ ಮುಗಿಸಿಕೊಳ್ಳಿ, ಸಂಜೆ ಗುಡುಗಿನ ಮಳೆ ಹೇಳದೆ ಬರುತ್ತದೆ. ಆಷಾಢದಲ್ಲಿ ಗಾಳಿಯದೇ ರಾಜ್ಯ. ಡಬ್ಬಿಯಿಂದ ಹೊರಟ ಬಣ್ಣ ಕವರ್ ಮೇಲೆ ಬೀಳುವ ಬದಲು ಪಕ್ಕದ ಮನೆಯವರ ಕಾರಿನ ಮೇಲೆ ಕೂರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಈ ಯೋಚನೆಯನ್ನೇ ಮುಂದೂಡಿ.

ತೇವಕ್ಕೆ ಯಾಕಿಷ್ಟು ಹೆದರಬೇಕು? ಬಣ್ಣದ ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಅಲ್ಲಿ ಇಬ್ಬನಿಯಾಗಿ ಕೂತು, ಹಸಿ ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಕ್ಲಿಯರ್ ಹಾಲು ಚೆಲ್ಲಿದ ಬಣ್ಣಕ್ಕೆ ತಿರುಗುವುದು ಇದರಿಂದಲೇ. ತೇವ 70% ದಾಟಿದ್ದರೆ ಹೊಡೆಯಬೇಡಿ. ಡಿಸೆಂಬರ್, ಜನವರಿಯಲ್ಲೂ ಬೆಳಗ್ಗೆ ಮಂಜಿರುತ್ತದೆ, ಅದು ಆರಲಿ. ಹನ್ನೊಂದರಿಂದ ಮೂರರೊಳಗೆ ಒಳ್ಳೆಯ ಹೊತ್ತು. ಬಿಸಿಲಿಗೆ ಮಾತ್ರ ಇಡಬೇಡಿ. ಕಾದ ಪ್ಲಾಸ್ಟಿಕ್ ಮೇಲೆ ಬಣ್ಣ ಹರಡುವ ಮೊದಲೇ ಒಣಗಿ ಒರಟಾಗುತ್ತದೆ.

ಜಾಗ ಅಂದರೆ ಟೆರೇಸಿನ ನೆರಳು. ಬೇಸ್‌ಮೆಂಟ್ ಬೇಡ, ಆವಿ ಅಲ್ಲೇ ನಿಲ್ಲುತ್ತದೆ. ಅಡುಗೆಮನೆ ಪಕ್ಕದ ಯುಟಿಲಿಟಿ ಅಂತೂ ಬೇಡವೇ ಬೇಡ. ಅಲ್ಲಿ ಗ್ಯಾಸ್ ಗೀಸರ್ ಇರುತ್ತದೆ, ಸಿಲಿಂಡರ್ ಇರುತ್ತದೆ. ಸ್ಪ್ರೇ ಡಬ್ಬಿಯೊಳಗೆ ಬಣ್ಣವನ್ನು ತಳ್ಳುವ ಅನಿಲವೂ ಸಾಮಾನ್ಯವಾಗಿ ಹತ್ತಿಕೊಳ್ಳುವಂಥದ್ದೇ. ಹೊಂಗೆ ಮರದ ಕೆಳಗೂ ಬೇಡ. ಮಾರ್ಚ್ ಕೊನೆಗೆ ಹೂ ಉದುರಲು ಶುರುವಾದರೆ ಹಸಿ ಕ್ಲಿಯರ್ ಮೇಲೆ ಒಂದಾದರೂ ಬಿದ್ದೇ ಬೀಳುತ್ತದೆ.

ಫ್ರಿಜ್ ಬಂದ ದೊಡ್ಡ ರಟ್ಟಿನ ಪೆಟ್ಟಿಗೆ ಸಿಕ್ಕರೆ ಒಂದು ಬದಿ ಕತ್ತರಿಸಿ ನಿಲ್ಲಿಸಿ. ಗಾಳಿ, ಧೂಳು ಎರಡಕ್ಕೂ ಅದೇ ಮರೆ. ಹೊಡೆಯುವ ಮೊದಲು ಸುತ್ತ ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ. ಫ್ಯಾನ್ ಬೇಡ.

ತೊಳೆಯುವುದು, ಉಜ್ಜುವುದು

ಭಾಗವನ್ನು ಗಾಡಿಯಿಂದ ಬಿಚ್ಚಿಯೇ ಮಾಡಿ. ಕ್ಲಿಪ್‌ಗಳು ಚಳಿಯಲ್ಲಿ ಪಟ್ಟನೆ ಮುರಿಯುತ್ತವೆ, ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ. ಹಲವು ಕಾರುಗಳಲ್ಲಿ ಮೊದಲು ಕನ್ನಡಿ ಗಾಜು ತೆಗೆದರೆ ಮಾತ್ರ ಕವರ್‌ನ ಕ್ಲಿಪ್ ಕೈಗೆ ಸಿಗುತ್ತದೆ.

ಉಜ್ಜುವ ಮೊದಲೇ ತೊಳೆಯಬೇಕು. ಈ ಕ್ರಮ ತಿರುಗಿಸಿದರೆ ಮೇಲಿನ ಮೇಣ, ಪಾಲಿಶ್ ಎಲ್ಲವನ್ನೂ ಪೇಪರ್‌ನಿಂದ ಪ್ಲಾಸ್ಟಿಕ್ ಒಳಗೆ ತುಂಬಿದಂತಾಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್, ಬೆಚ್ಚಗಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಅಂಚು, ಸಂದಿಗಳನ್ನು ಚೆನ್ನಾಗಿ ಉಜ್ಜಿ. ಹೊಸ ಭಾಗವಾದರೂ ತೊಳೆಯಲೇಬೇಕು. ಅಚ್ಚಿನಿಂದ ಸುಲಭವಾಗಿ ಬಿಡಲಿ ಅಂತ ಕಾರ್ಖಾನೆಯಲ್ಲಿ ಹಾಕಿದ ಜಾರುವ ಪದಾರ್ಥ ಅದರ ಮೇಲೆ ಉಳಿದಿರುತ್ತದೆ. ಡ್ಯಾಶ್‌ಬೋರ್ಡ್ ಪಾಲಿಶ್, ಟೈರ್ ಪಾಲಿಶ್‌ನಲ್ಲಿರುವ ಸಿಲಿಕೋನ್ ಇನ್ನೂ ಕೆಟ್ಟದ್ದು. ಚುಕ್ಕೆಯಷ್ಟಿದ್ದರೂ ಬಣ್ಣ ಅಲ್ಲಿಂದ ಸರಿದು ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ.

ಬೋರ್‌ವೆಲ್ ನೀರಾದರೆ ಕೊನೆಯ ಸಲ ಆರ್‌ಓ ನೀರಿನಲ್ಲಿ ಜಾಲಿಸಿ. ಗಡುಸು ನೀರು ಒಣಗಿದ ಬಿಳಿ ಕಲೆ ಪ್ರೈಮರ್ ಕೆಳಗೆ ಸಿಕ್ಕಿಕೊಂಡರೆ ಹಿಡಿತಕ್ಕೆ ಅದೂ ಅಡ್ಡಿ.

ಈಗ ಪೇಪರ್. ಹಳೆಯ ಬಣ್ಣ ಗಟ್ಟಿಯಾಗಿದ್ದರೆ ಪೂರ್ತಿ ಕೀಳುವ ಅಗತ್ಯವಿಲ್ಲ. ಕಾರ್ಖಾನೆಯ ಬಣ್ಣಕ್ಕಿಂತ ಒಳ್ಳೆಯ ತಳಪಾಯ ನಮಗೆ ಸಿಗುವುದಿಲ್ಲ. 600 ಪೇಪರ್ ನೀರಿನಲ್ಲಿ ನೆನೆಸಿ, ಹೊಳಪು ಹೋಗಿ ಎಲ್ಲ ಕಡೆ ಒಂದೇ ಸಮ ಮಂಕಾಗುವವರೆಗೆ ಉಜ್ಜಿ. ಗೀರಿದ ಜಾಗದಲ್ಲಿ 400ರಿಂದ ಶುರು ಮಾಡಿ, ಬಣ್ಣದ ಅಂಚು ಬೆರಳಿಗೆ ತಾಗದಷ್ಟು ಇಳಿಜಾರು ಮಾಡಿ. ಕಣ್ಣಿಗಿಂತ ಬೆರಳು ಚೆನ್ನಾಗಿ ಹೇಳುತ್ತದೆ. ಕಣ್ಣು ಮುಚ್ಚಿ ಸವರಿ ನೋಡಿ, ಮೆಟ್ಟಿಲು ಸಿಕ್ಕರೆ ಇನ್ನೂ ಉಜ್ಜಬೇಕು ಅಂತ.

ಬರಿ ಪಿಪಿ ಕಾಣಿಸಿಕೊಂಡ ಕಡೆ ಹುಷಾರು. ಒರಟು ಪೇಪರ್ ಒಣಗಿದ್ದಾಗ ಉಜ್ಜಿದರೆ ಅದು ನಯವಾಗುವುದಿಲ್ಲ, ಸಣ್ಣ ಸಣ್ಣ ನೂಲು ಎದ್ದು ರೋಮದಂತಾಗುತ್ತದೆ. ನೀರು ಹಾಕಿ, ನಯವಾದ ಪೇಪರ್‌ನಲ್ಲಿ, ಒತ್ತದೆ ಉಜ್ಜಿ.

ಪುಟ್ಟಿ ಹಾಕಬೇಕಾದರೆ ತೆಳುವಾಗಿ ಎರಡು ಸಲ ಹಾಕಿ, ಒಂದೇ ಸಲ ಮೆತ್ತಬೇಡಿ. ಬರಿ ಪಿಪಿ ಮೇಲಾದರೆ ಪುಟ್ಟಿಗೂ ಮೊದಲು ಪ್ರಮೋಟರ್ ಬೇಕಾಗಬಹುದು, ಟ್ಯೂಬಿನ ಮೇಲೆ ಬರೆದಿರುತ್ತದೆ. ಒಣಗಿದ ಮೇಲೆ 400, 600 ಉಜ್ಜಿ. ಕೊನೆಗೆ ಆಲ್ಕೋಹಾಲ್‌ನಲ್ಲಿ ಒರೆಸಿ, ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ. ಬೆಳಗ್ಗೆ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಬೆರಳಲ್ಲಿ ಇರುತ್ತದೆ, ಅಲ್ವಾ?

ಪ್ರಮೋಟರ್, ಪ್ರೈಮರ್

ಬರಿ ಪ್ಲಾಸ್ಟಿಕ್ ಕಂಡ ಜಾಗಕ್ಕೂ ಅದರ ಸುತ್ತ ಎರಡು ಬೆರಳಷ್ಟಕ್ಕೂ ಪ್ರಮೋಟರ್ ತೆಳುವಾಗಿ ಹೊಡೆಯಿರಿ. ಇದನ್ನು ಉಜ್ಜಬಾರದು. ಎಷ್ಟು ನಿಮಿಷದೊಳಗೆ ಪ್ರೈಮರ್ ಹೋಗಬೇಕು ಅಂತ ಡಬ್ಬಿ ಮೇಲೆ ಇರುತ್ತದೆ, ಅದನ್ನು ಮೀರಬೇಡಿ. ಪ್ರಮೋಟರ್ ಹೊಡೆದು ಊಟಕ್ಕೆ ಹೋದರೆ ಹೊಡೆದದ್ದು ದಂಡ.

ಪ್ರೈಮರ್ ಎರಡು ಮೂರು ತೆಳು ಕೋಟ್, ನಡುವೆ ಹತ್ತು ನಿಮಿಷ. ಸಿಲ್ವರ್‌ಗೆ ಬೂದು ಪ್ರೈಮರ್, ಬಿಳಿ ಮತ್ತು ಕೆಂಪಿಗೆ ಬಿಳಿ ಪ್ರೈಮರ್ ತಗೊಂಡರೆ ಬಣ್ಣ ಬೇಗ ಮುಚ್ಚುತ್ತದೆ. ಒಂದು ರಾತ್ರಿ ಬಿಡಿ. ಮರುದಿನ ಅದರ ಮೇಲೆ ದೂರದಿಂದ ಕಪ್ಪು ಸ್ಪ್ರೇ ಸುಮ್ನೆ ಒಂದು ಸಲ ಚಿಮುಕಿಸಿ, 800 ಪೇಪರ್‌ನಲ್ಲಿ ನೀರು ಹಾಕಿ ಉಜ್ಜಿ. ಎಲ್ಲಿ ಕಪ್ಪು ಉಳಿಯಿತೋ ಅಲ್ಲಿ ತಗ್ಗಿದೆ. ಅಲ್ಲಿಗೆ ಇನ್ನೊಂದು ಕೋಟ್ ಪ್ರೈಮರ್ ಹೋಗಲಿ. ಈ ಹಂತದಲ್ಲಿ ಬಿಟ್ಟ ಗೀರು ಬಣ್ಣದ ಕೆಳಗೆ ಮುಚ್ಚಿಹೋಗುವುದಿಲ್ಲ, ಕ್ಲಿಯರ್ ಬಿದ್ದ ಮೇಲೆ ಇನ್ನೂ ಎದ್ದು ಕಾಣುತ್ತದೆ.

ಬಣ್ಣ

ಡಬ್ಬಿಯನ್ನು ಹದವಾದ ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ನಿಲ್ಲಿಸಿದರೆ ಹನಿ ಸಣ್ಣದಾಗಿ ಬರುತ್ತದೆ. ಕುದಿಯುವ ನೀರು ಅಪಾಯ. 50 ಡಿಗ್ರಿ ದಾಟಬಾರದು ಅಂತ ಡಬ್ಬಿ ಮೇಲೇ ಎಚ್ಚರಿಕೆ ಇರುತ್ತದೆ. ಒಳಗಿನ ಗೋಲಿ ಸದ್ದು ಮಾಡಲು ಶುರುವಾದ ಮೇಲೆ ಎರಡು ನಿಮಿಷ ಕುಲುಕಿ. ಮೊದಲು ರಟ್ಟಿನ ಮೇಲೆ ಹೊಡೆದು ನೋಡಿ.

ಭಾಗವನ್ನು ನೆಲದ ಮೇಲೆ ಮಲಗಿಸಬೇಡಿ. ಗಾಡಿಯಲ್ಲಿ ಹೇಗೆ ನಿಂತಿರುತ್ತದೋ ಹಾಗೇ ತಂತಿಯಲ್ಲಿ ತೂಗುಹಾಕಿ. ಮೆಟಾಲಿಕ್ ಬಣ್ಣದಲ್ಲಿ ಸಣ್ಣ ಅಲ್ಯೂಮಿನಿಯಂ ಚಕ್ಕೆಗಳಿರುತ್ತವೆ. ಅವು ಬೀಳುವ ಓರೆಯ ಮೇಲೆ ಶೇಡ್ ನಿಂತಿದೆ. ಮಲಗಿಸಿ ಹೊಡೆದ ಕವರ್ ಗಾಡಿಗೆ ಹಾಕಿದಾಗ ಬೇರೆಯೇ ಬಣ್ಣ ಕಾಣಬಹುದು.

ಇಪ್ಪತ್ತರಿಂದ ಇಪ್ಪತ್ತೈದು ಸೆಂಟಿಮೀಟರ್ ದೂರ ಇರಲಿ. ಗುಂಡಿಯನ್ನು ಭಾಗದ ಹೊರಗೆ ಒತ್ತಿ, ಕೈ ಒಂದೇ ವೇಗದಲ್ಲಿ ದಾಟಿಸಿ, ಆಚೆ ಹೋದ ಮೇಲೆ ಬಿಡಿ. ಮಣಿಕಟ್ಟು ತಿರುಗಿಸಬೇಡಿ, ಇಡೀ ತೋಳು ಸಾಗಲಿ. ಪ್ರತಿ ಸಾಲು ಹಿಂದಿನ ಸಾಲಿನ ಅರ್ಧ ಮುಚ್ಚಬೇಕು. ಮೊದಲ ಕೋಟ್ ಕೆಳಗಿನ ಪ್ರೈಮರ್ ಕಾಣುವಷ್ಟು ತೆಳುವಾಗಿರಲಿ. ನೋಡಲು ಚೆನ್ನಾಗಿರುವುದಿಲ್ಲ, ಇನ್ನೊಂಚೂರು ಹೊಡೆಯೋಣ ಅನ್ನಿಸುತ್ತದೆ. ಅಲ್ಲಿ ಕೈ ತಡೆದುಕೊಂಡರೆ ಅರ್ಧ ಗೆದ್ದ ಹಾಗೆ. ಬಣ್ಣ ಇಳಿದು ಗೆರೆ ಬೀಳುವುದೆಲ್ಲ ಆ ಇನ್ನೊಂಚೂರಿನಿಂದ. ಹತ್ತು ಹದಿನೈದು ನಿಮಿಷ ಬಿಟ್ಟು ಎರಡನೆಯದು, ಮತ್ತೆ ಮೂರನೆಯದು. ಮೆಟಾಲಿಕ್ ಆದರೆ ಕೊನೆಯ ಕೋಟ್ ಸ್ವಲ್ಪ ಹಿಂದೆ ಸರಿದು ಮಂಜಿನಂತೆ ಹೊಡೆಯಿರಿ, ಮೋಡದಂಥ ಕಲೆಗಳು ಹೋಗುತ್ತವೆ.

ಎಷ್ಟು ಹೊತ್ತಿನೊಳಗೆ ಮುಂದಿನ ಕೋಟ್, ತಪ್ಪಿದರೆ ಎಷ್ಟು ಕಾಯಬೇಕು ಅನ್ನುವುದು ಬಣ್ಣದಿಂದ ಬಣ್ಣಕ್ಕೆ ಬೇರೆ. ನಿಧಾನವಾಗಿ ಒಣಗುವ ಎನಾಮೆಲ್ ಬಣ್ಣ ಅರೆ ಒಣಗಿದಾಗ ಮೇಲೆ ಹೊಡೆದರೆ ಕೆಳಗಿನದ್ದು ಸುಕ್ಕುಗಟ್ಟುತ್ತದೆ. ಎನಾಮೆಲ್ ಮೇಲೆ ಬೇಗ ಒಣಗುವ ಲ್ಯಾಕರ್ ಹೊಡೆದರೂ ಹಾಗೇ. ಪ್ರೈಮರ್, ಬಣ್ಣ, ಕ್ಲಿಯರ್ ಮೂರನ್ನೂ ಒಂದೇ ಕಂಪನಿಯ ಒಂದೇ ಸಾಲಿನಿಂದ ಕೊಳ್ಳಿ ಅನ್ನುವುದು ಅದಕ್ಕೇ.

ಮೆಟಾಲಿಕ್ ಬಣ್ಣವನ್ನು ಉಜ್ಜಬಾರದು. ಧೂಳಿನ ಕಾಳು ಕೂತಿದ್ದರೆ 1000 ಪೇಪರ್‌ನಲ್ಲಿ ಅಷ್ಟನ್ನು ಮಾತ್ರ ತೆಗೆದು ಮೇಲೊಂದು ತೆಳು ಕೋಟ್ ಕೊಡಿ. ಆಮೇಲೆ ಕ್ಲಿಯರ್: ಒಂದು ತೆಳು, ಎರಡು ಸ್ವಲ್ಪ ಹಸಿ. ಕೊನೆಯದು ಬಿದ್ದಾಗ ಮೇಲ್ಮೈಯಲ್ಲಿ ಆಕಾಶ ಕಾಣಬೇಕು, ತೊಟ್ಟಿಕ್ಕಬಾರದು.

ಮಾಸಿದ ಕಪ್ಪು ಭಾಗಗಳು

ಬಂಪರ್ ಕೆಳಗೆ, ಚಕ್ರದ ಕಮಾನಿನ ಸುತ್ತ ಇರುವ ಒರಟು ಕಪ್ಪು ಪ್ಲಾಸ್ಟಿಕ್ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಪೇಪರ್ ಮುಟ್ಟಿಸಬೇಡಿ, ಅಚ್ಚಿನ ಒರಟು ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಬ್ರಷ್, ಸೋಪು, ಆಮೇಲೆ ಸ್ಕಫ್ ಪ್ಯಾಡ್. ಇದು ಬಹುತೇಕ ಪಿಪಿಯೇ, ಪ್ರಮೋಟರ್ ಬೇಕು. ಮೇಲೆ ಪ್ರೈಮರ್ ಬೇಡ, ಮ್ಯಾಟ್ ಅಥವಾ ಸ್ಯಾಟಿನ್ ಕಪ್ಪು ಎರಡು ತೆಳು ಕೋಟ್ ಸಾಕು. ಹೊಳೆಯುವ ಕಪ್ಪು ಹೊಡೆದರೆ ಇಡೀ ಗಾಡಿ ಅಗ್ಗದ್ದಾಗಿ ಕಾಣುತ್ತದೆ, ನನ್ನ ಕಣ್ಣಿಗಂತೂ.

ಹೊಡೆದ ಮೇಲೆ

ಅರ್ಧ ಗಂಟೆಗೆ ಮುಟ್ಟಿದರೆ ಅಂಟುವುದಿಲ್ಲ, ಆದರೆ ಒತ್ತಿದರೆ ಬೆರಳಚ್ಚು ಉಳಿಯುತ್ತದೆ. 24 ಗಂಟೆ ಬಿಟ್ಟು ಗಾಡಿಗೆ ಜೋಡಿಸಿ. ಒಳಗೆಲ್ಲ ಗಟ್ಟಿಯಾಗಲು ವಾರ ಬೇಕು. ಅಲ್ಲಿವರೆಗೆ ಕಾರ್ ವಾಶ್‌ನ ಪ್ರೆಶರ್ ನೀರು ಬೇಡ. ಕ್ಲಿಯರ್ ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿಯಾಗಿದ್ದರೆ ವಾರ ಕಳೆದ ಮೇಲೆ 2000 ಪೇಪರ್ ನೀರಿನಲ್ಲಿ ಹಗುರಾಗಿ ಎಳೆದು, ಹೊಳಪು ತರುವ ರಬ್ಬಿಂಗ್ ಕಾಂಪೌಂಡ್ ಎಂಬ ಪೇಸ್ಟ್ ಹಾಕಿ ತಿಕ್ಕಿ. ಅಂಚುಗಳ ಮೇಲೆ ಪೇಪರ್ ಹೋಗದಿರಲಿ, ಅಲ್ಲಿ ಕ್ಲಿಯರ್ ತೀರಾ ತೆಳು. ವ್ಯಾಕ್ಸ್‌ಗೆ ತಿಂಗಳು ಕಾಯಿರಿ.

ಬಣ್ಣ ಇಳಿದ ಗೆರೆಯನ್ನು ಹಸಿಯಲ್ಲಿ ಒರೆಸಲು ಹೋಗಬೇಡಿ. ಒಣಗಿದ ಮೇಲೆ ಉಜ್ಜಿ ಮತ್ತೊಂದು ಕೋಟ್ ಕೊಡಬಹುದು. ಹಾಲಿನಂತೆ ಬೆಳ್ಳಗಾದ ಕ್ಲಿಯರ್ ಕೆಲವೊಮ್ಮೆ ಒಣಗಾಳಿಗೆ ತಾನೇ ತಿಳಿಯಾಗುತ್ತದೆ. ಆಗದಿದ್ದರೆ ಹಗುರಾಗಿ ಉಜ್ಜಿ ಒಣ ದಿನ ನೋಡಿ ಮತ್ತೆ ಹೊಡೆಯಿರಿ. ಉಗುರಿಗೆ ಸಿಕ್ಕು ಸುಲಿದು ಬರುತ್ತಿದ್ದರೆ ಮಾತ್ರ ತೇಪೆ ಕೆಲಸವಿಲ್ಲ. ಪೂರ್ತಿ ತೆಗೆದು ತೊಳೆಯುವುದರಿಂದ ಶುರು.

ಉಳಿದ ಡಬ್ಬಿಯನ್ನು ತಲೆಕೆಳಗು ಹಿಡಿದು ಬರಿ ಗಾಳಿ ಬರುವವರೆಗೆ ಒತ್ತಿ, ನಳಿಕೆ ಕಟ್ಟಿಕೊಳ್ಳುವುದಿಲ್ಲ. ಪೇಂಟ್ ಕೋಡ್ ಮತ್ತು ತಿಂಗಳು ಮಾರ್ಕರ್‌ನಲ್ಲಿ ಬರೆದು ನೆರಳಲ್ಲಿ ಇಡಿ, ಕಾರಿನ ಡಿಕ್ಕಿಯಲ್ಲಿ ಬೇಡ. ಖಾಲಿ ಡಬ್ಬಿಗೆ ತೂತು ಹಾಕಬೇಡಿ, ಕಸದ ಜೊತೆ ಸುಡಬೇಡಿ. ಒಣ ಕಸದ ಚೀಲಕ್ಕೆ ತುರುಕದೆ, ಸ್ಪ್ರೇ ಡಬ್ಬಿ ಅಂತ ಹೇಳಿ ಪೌರಕಾರ್ಮಿಕರ ಕೈಗೆ ಬೇರೆಯಾಗಿ ಕೊಡಿ.